ಪೈಲ್ವಾನನಿಗೊಂದು ಕಡಿವಾಣ

ಅತ್ತಿಗೆಯ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದ್ದಲ್ಲ. ಮೂಗು ದಾಟಿ ಒಂದು ಮಾರು ಮುಂದೆಯೇ ನಡೆಯುತ್ತಿತ್ತು. ಕುದುರೆ ಸಾಮಾನಿನ ಅಂಗಡಿಗೂ ಅವಳಿಗಿಂತ ಮೊದಲು ಅದೇ ಹೊಕ್ಕಿತು. ಗಲ್ಲಾದ ಮೇಲೆ ಒಂದು ಕಡಿವಾಣ ಬಿದ್ದಿತ್ತು. ಎರಡೂ ಬದಿಗೆ ಗೇಣುದ್ದದ ಕಬ್ಬಿಣದ ತೋಳು, ನಡುವೆ ನಾಲಿಗೆಯನ್ನು ಒತ್ತುವ ಡೊಂಕು ಸರಳು, ದವಡೆಯಡಿ ಬಿಗಿಯಲು ಸರಪಳಿ. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವನು ಅವಳ ಮೈದುನ. ಅವನ ಎಡಗೈ ಪಟ್ಟಿ ಸುತ್ತಿಕೊಂಡು ಕೊರಳಿಗೆ ನೇತುಬಿದ್ದಿತ್ತು.

"ಇದನ್ನ ಮೊದಲು ನಿನ್ನ ಬಾಯಿಗೆ ಹಾಕಿ ನೋಡೋಣ್ವಾ?" ಎಂದಳು ಅತ್ತಿಗೆ.

"ಮೆಲ್ಲಗೆ ಅತ್ತಿಗೆ, ಇದು ಅಂಗಡಿ."

"ಆಗಲಿ. ಮಾಡ್ತಿರೋದು ಕಟುಕನ ಕೆಲಸ!"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗೆ ಇಣುಕಿದರು. ಮೈದುನ ತಲೆ ತಗ್ಗಿಸಿದ.

ಮನೆಯವರೇ ನಡೆಸುವ ಸವಾರಿ ಶಾಲೆ ಇವರದು. ಮೇವು ಅತ್ತಿಗೆಯ ಪಾಲು, ಜೀನು ಬಿಗಿದು ಪಳಗಿಸುವುದು ಮೈದುನನ ಪಾಲು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಮಾರಬೇಕು ಎಂಬ ತೀರ್ಮಾನ ಅವಳ ಗಂಡನ ಪಾಲು. ಪೈಲ್ವಾನ ಎಂಬ ಕುದುರೆ ಇಲ್ಲಿಗೆ ಬಂದಾಗ ಬರೀ ಎಲುಬಿನ ಹಂದರ. ಆ ಹೆಸರು ಇಟ್ಟಿದ್ದೇ ಗೇಲಿಗೆ. ಅತ್ತಿಗೆ ಹಟ ಹಿಡಿದಳು. ಓಟ್ಸು, ಬೇಯಿಸಿದ ಬಾರ್ಲಿ, ಅಗಸೆ ಹಿಂಡಿ ಎಂದು ಮಕ್ಕಳಿಗೆ ತಿನ್ನಿಸುವ ಹಾಗೆ ಕಾಡಿ ಬೇಡಿ ತಿನ್ನಿಸಿದಳು. ಬೇಸಿಗೆಯ ಹೊತ್ತಿಗೆ ಪೈಲ್ವಾನ ನಿಜವಾಗಿಯೂ ಪೈಲ್ವಾನನೇ ಆದ. ಆದದ್ದೇ ತಡ, ಲಗಾಮು ಕಿತ್ತುಕೊಂಡು ಓಡುವುದು, ಬೆನ್ನು ಬಿಲ್ಲು ಮಾಡಿ ಕುಪ್ಪಳಿಸುವುದು ಶುರುವಾಯಿತು. ಹೋದ ವಾರ ಮೈದುನನನ್ನು ಬೇಲಿಯ ಮೇಲೆ ಎಸೆದು ಕೈ ಮುರಿದಿತ್ತು.

"ಇವತ್ತು ಸಂಜೆ ಕೊನೇ ಸಲ ನೋಡ್ತೀನಿ," ಎಂದಿದ್ದ ಗಂಡ. "ಮತ್ತೆ ಹಾಗೇ ಆಡಿದ್ರೆ ದಲ್ಲಾಳಿ ಗಾಡಿಗೆ ಹತ್ತಿಸ್ತೀನಿ."

ಆ ದಲ್ಲಾಳಿಗೆ ಕುದುರೆ ಎಂದರೆ ತೂಕ, ಅಷ್ಟೇ. ಮಾಂಸದ ಲೆಕ್ಕ. ತಾನೇ ತಿನ್ನಿಸಿ ಬೆಳೆಸಿದ ತೂಕ ಅವನ ತಕ್ಕಡಿಗೆ ಹೋಗುವುದನ್ನು ನೆನೆದರೆ ಅತ್ತಿಗೆಗೆ ಮೈ ಉರಿಯುತ್ತಿತ್ತು.

ಮೈದುನನೂ ಈಗ ಬಾಯಿಬಿಟ್ಟ. "ಓಟ್ಸ್ ಅದರ ತಲೆಗೇರುತ್ತೆ, ಕಮ್ಮಿ ಮಾಡಿ ಅಂದ್ರೆ ನೀವು ಕೇಳಲ್ಲ. ಕಡಿವಾಣ ಬದಲಾಯಿಸೋಣ ಅಂದ್ರೆ ಕಟುಕ ಅಂತೀರ. ಅದು ಗಾಡಿ ಹತ್ತಬಾರದು ಅಂತಲೇ ನಾನು ಇಲ್ಲಿಗೆ ಬಂದದ್ದು. ಈಗೀಗ ಜೀನು ತಂದ್ರೇ ಸಾಕು, ಕಿವಿ ಮಡಚಿ ಹಲ್ಲು ತೋರಿಸುತ್ತೆ..."

"ಜೀನಿನ ಮಾತು ಎತ್ತಬೇಡ! ಅದು ಬಂದ ವಾರವೇ ಬೆನ್ನಿನ ಅಳತೆ ತೆಗೆದು, ಎದುರಿಗೆ ಕೂತು ಮಾಡಿಸಿದವಳು ನಾನು. ಅಂಥ ಜೀನು ನಮ್ಮ ಲಾಯದಲ್ಲೇ ಇನ್ನೊಂದಿಲ್ಲ. ನಿನಗೆ ಕುದುರೆ ಹಿಡಿಯೋಕೆ ಬರಲ್ಲ ಅನ್ನು."

ಅಂಗಡಿಯವನು ನಡುವೆ ಬಂದು, "ಗಟ್ಟಿಯದು, ಮೆತ್ತಗಿನದು, ಎರಡು ಥರದ ಕಡಿವಾಣವೂ ತಗೊಂಡು ಹೋಗಿ ಅಮ್ಮ, ಬೇಡದ್ದು ವಾಪಸ್ ಕೊಡಿ," ಎಂದ. ಅತ್ತಿಗೆ ನೋಡಿದ ನೋಟಕ್ಕೆ ಅವನಿಗೆ ಒಳಕೋಣೆಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ಕೊನೆಗೆ ಅವಳು ದಪ್ಪ ರಬ್ಬರಿನ ಮೆತ್ತಗಿನ ಕಡಿವಾಣ ಕೊಂಡಳು. ಮೇವಿನ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆ ಸೋತು, ಓಟ್ಸ್ ಬಿಟ್ಟು ಒಣಗಿದ ಕುದುರೆ ಮೆಂತೆ ಸೊಪ್ಪಿನ ಮೂಟೆ ಕಟ್ಟಿಸಿಕೊಂಡಳು. ಮೈ ಇಳಿಯಬಾರದು, ತಲೆ ಬಿಸಿಯೂ ಆಗಬಾರದು. "ಸಂಜೆ ನಾನೇ ಹತ್ತುತ್ತೀನಿ," ಎಂದಳು.

ಸಂಜೆ ದಲ್ಲಾಳಿಯ ಗಾಡಿ ಗೇಟಿನ ಹತ್ತಿರ ಬಂದು ನಿಂತಿತ್ತು. ಗಂಡ ಬೇಲಿಗೆ ಒರಗಿದ್ದ. ಅತ್ತಿಗೆ ಹೊಸ ಕಡಿವಾಣ ತೊಡಿಸಿದಳು. ಪೈಲ್ವಾನ ಹಾಲು ಕುಡಿಯುವ ಕೂಸಿನ ಹಾಗೆ ಬಾಯಿ ತೆರೆಯಿತು. ನೋಡಿದೆಯಾ ಎಂಬಂತೆ ಅವಳು ಮೈದುನನ ಕಡೆ ತಿರುಗಿದಳು. ಆಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ತನ್ನ ಕೈಯಾರೆ ಜೀನು ಎತ್ತಿ ಅದರ ಬೆನ್ನಿಗಿಟ್ಟಳು.

ಜೀನು ಕೂರಲಿಲ್ಲ. ಮುಂಭಾಗ ಎತ್ತಿಕೊಂಡು ಹಿಂದಕ್ಕೆ ವಾಲಿತು. ಮಾಡಿಸಿದ ದಿನ ಹೆಗಲ ಹಿಂದೆ ಜೀನಿನಡಿ ಅಂಗೈ ಸಲೀಸಾಗಿ ಜಾರುತ್ತಿದ್ದ ಜಾಗದಲ್ಲಿ ಈಗ ಬೆರಳೂ ತೂರಲಿಲ್ಲ. ಅವಳು ಜೀನನ್ನು ಕೆಳಗಿಳಿಸಿ ಅಲ್ಲಿ ಹೆಬ್ಬೆರಳಿನಿಂದ ಒತ್ತಿದಳು. ಗಾಯವಿಲ್ಲ, ರಕ್ತವಿಲ್ಲ. ಆದರೆ ಪೈಲ್ವಾನ ಇಡೀ ಬೆನ್ನನ್ನು ನೆಲದ ಕಡೆಗೆ ಕುಗ್ಗಿಸಿ ನರಳಿತು. ಇನ್ನೊಂದು ಬದಿಯಲ್ಲೂ ಅದೇ.

ಎಲುಬಿನ ಹಂದರಕ್ಕೆ ಅಳೆದ ಜೀನು. ಅದರಡಿಗೆ ದಿನಕ್ಕೆರಡು ಹೊತ್ತು ತುಂಬಿಸಿ ತುಂಬಿಸಿ ಬೆಳೆಸಿದ ಮೈ. ಎರಡೂ ಅವಳದೇ. ಅವಳಿಗೆ ಮುಖ ಕಿವಿಯೆಲ್ಲ ಕಾದುಹೋಯಿತು. ಹೊರಗೆ ಹರಿದು ಹೋಗುತ್ತಿದ್ದ ಸಿಟ್ಟೆಲ್ಲ ತಿರುಗಿ ಎದೆಗೇ ಬಡಿಯಿತು.

"ಯಾಕೆ, ಹತ್ತಲ್ವಾ?" ಎಂದ ಗಂಡ. "ಹೆದರಿಕೆ ಆದ್ರೆ ಹೇಳು, ದಲ್ಲಾಳಿ ಕಾಯ್ತಿದ್ದಾನೆ."

"ಹತ್ತಲ್ಲ. ಇವತ್ತು ಯಾರೂ ಹತ್ತೋ ಹಾಗಿಲ್ಲ. ಬನ್ನಿ ಇಲ್ಲಿ, ಕೈ ಕೊಡಿ." ಗಂಡನ ಕೈಯನ್ನು ಎಳೆದು ಆ ಜಾಗಕ್ಕೆ ಒತ್ತಿದಳು. ಪೈಲ್ವಾನ ಮತ್ತೆ ಕುಗ್ಗಿತು. "ಇದು ಮೈ ತುಂಬಿಕೊಂಡಿದೆ, ಜೀನು ಹಾಗೇ ಇದೆ. ಇಷ್ಟು ದಿನ ಇದು ಹಾಗೆ ಆಡಿದ್ದು ಪುಂಡಾಟಕ್ಕಲ್ಲ, ನೋವಿಗೆ."

ಗಂಡನಿಗೂ ರೇಗಿತು. "ಹಂಗಾದ್ರೆ ನನ್ನ ತಮ್ಮನ ಕೈ ಮುರಿದದ್ದು ಯಾರು?"

ಅಲ್ಲೊಬ್ಬ ದಲ್ಲಾಳಿ, ಇಲ್ಲೊಬ್ಬ ಗಂಡ, ನಡುವೆ ಮೈದುನ.

"ನಾನು," ಎಂದಳು ಅತ್ತಿಗೆ.

ಗಂಡ ಅವಳನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದ. ಆಮೇಲೆ ಗೇಟಿಗೆ ಹೋಗಿ ಗಾಡಿಯ ಬಾಗಿಲಿಗೆ ದಬದಬ ತಟ್ಟಿ, "ಹೊರಡಯ್ಯ, ಹೊರಡು!" ಎಂದು ದಲ್ಲಾಳಿಯ ಮೇಲೆ ಕೂಗಾಡಿದ.

ಮೈದುನ ಒಂದೇ ಕೈಯಲ್ಲಿ ಪೈಲ್ವಾನನ ಕಡಿವಾಣ ಬಿಚ್ಚುತ್ತಿದ್ದ. ಕೊಂಡಿ ಸಿಗದೆ ಪರದಾಡುತ್ತಿದ್ದರೂ ಅವಳನ್ನು ಕರೆಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅದನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

"ಬೈಯೋ ನನ್ನನ್ನ!" ಎಂದು ಅವನ ಮೇಲೇ ರೇಗಿದಳು. "ಬಾಯಿಗೆ ಬಂದ ಹಾಗೆ ಬೈದುಬಿಡು!"

"ಬೈತೀನಿ ಅತ್ತಿಗೆ, ಅದೇನು ಬಿಡ್ತೀನಾ?" ಎಂದ ಅವನು, ಕುದುರೆಯ ಬೆನ್ನನ್ನೇ ನೋಡುತ್ತ. "ಮೊದಲು ಇದಕ್ಕೆ ಶಾಖ ಕೊಡಬೇಕು. ಬಿಸಿನೀರು ತನ್ನಿ."