ಚರಂಡಿ ಹಾರಿದ ಗೆರೆ

ಹದಿನೇಳನೆಯ ಸಾಲಿಗೆ ಬಂದಾಗ ಅವಳ ಬೆರಳು ಪರದೆಯ ಮೇಲೇ ನಿಂತುಬಿಟ್ಟಿತು.

ಊಟದ ಹೊತ್ತು. ನೀರು ಸರಬರಾಜು ಕಚೇರಿಯ ನಕ್ಷೆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಬೆಳಿಗ್ಗೆಯಿಂದ ಕೂತು ಬರೆದ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟು ನಲವತ್ತೊಂದು ಸಾಲು ಉದುರಿಸಿ ಸುಮ್ಮನಾಗಿತ್ತು. ಎಡಕ್ಕೆ ನಕ್ಷೆಯ ಒಂದೊಂದು ಲೇಯರಿನ, ಅಂದರೆ ಪದರದ, ಹೆಸರು, ಬಲಕ್ಕೆ ಅದರ ಗೆರೆಗಳು ಯಾವ ಡೇಟಾಬೇಸಿನಿಂದ ಬರುತ್ತಿವೆಯೋ ಆ ವಿಳಾಸ. ರಸ್ತೆಗಳು: ಮುಖ್ಯ ಡೇಟಾಬೇಸು. ಮನೆಗಳು: ಮುಖ್ಯ ಡೇಟಾಬೇಸು. ವಾಲ್ವುಗಳು: ಮುಖ್ಯ ಡೇಟಾಬೇಸು. ಕುಡಿಯುವ ನೀರಿನ ಪೈಪುಗಳು: ಅಭ್ಯಾಸದ ಡೇಟಾಬೇಸು.

ನೋಡುವವರಿಗೆ ನಕ್ಷೆ ಒಂದೇ ಹಾಳೆ. ಒಳಗೆ ಅದು ಒಂದರ ಮೇಲೊಂದು ಹಾಸಿದ ಪದರಗಳು. ಪ್ರತಿ ಪದರಕ್ಕೂ ಮುಖದ ಮೇಲೊಂದು ಹೆಸರಿರುತ್ತದೆ. ಅದು ಎಲ್ಲಿಂದ ಬಂತು, ಯಾರ ಮನೆಯದು ಎಂದು ಕೇಳುವವರಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೈ ಪಳಗಲಿ ಎಂದು ಪೈಪುಗಳ ನಕ್ಷೆಯ ನಕಲೊಂದನ್ನು ಕೊಟ್ಟು "ಇದರಲ್ಲಿ ಏನು ಬೇಕಾದರೂ ಗೀಚು" ಎಂದಿದ್ದರು. ಗೀಚಿದ್ದಳು. ಹೋದ ತಿಂಗಳು ಹೊಸ ಕಂಪ್ಯೂಟರುಗಳು ಬಂದಾಗ ಇಂಜಿನಿಯರು ಅವಸರದಲ್ಲಿ ಆ ಅಭ್ಯಾಸದ ನಕ್ಷೆಯನ್ನೇ ನಕಲು ಮಾಡಿ, ಅದಕ್ಕೆ ಹೊಸ ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಹೆಸರು ಬದಲಾಗಿತ್ತು. ಒಳಗಿನ ವಿಳಾಸ ಬದಲಾಗಿರಲಿಲ್ಲ.

ಮೂರು ದಿನದ ಹಿಂದೆ ಬಡಗಿಗಳ ಬೀದಿಯಲ್ಲಿ ಅಗೆಯುವ ಯಂತ್ರದ ಹಲ್ಲು ದೊಡ್ಡ ಪೈಪಿಗೆ ತಗುಲಿ, ಆಳೆತ್ತರ ನೀರು ಚಿಮ್ಮಿ, ಗುಂಡಿಯಲ್ಲಿದ್ದ ಕೂಲಿಯವನೊಬ್ಬನ ಕಾಲು ಮುರಿದಿತ್ತು. ಕಚೇರಿಯಿಂದ ಕೊಟ್ಟ ನಕ್ಷೆಯ ಹಾಳೆ ಹಿಡಿದು, ಎಲ್ಲಿ ಅಗೆಯಬಹುದೆಂದು ತೋರಿಸಿಕೊಟ್ಟವನು ಕಿವಿಯಣ್ಣ. ಕಬ್ಬಿಣದ ಕಂಬಿಯನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಿಟ್ಟು, ಒಳಗೆ ನೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ಹೇಳುವ ಮನುಷ್ಯ. ಆ ಹೆಸರು ಅದರಿಂದಲೇ ಬಂದದ್ದು. ಸೋರುವಲ್ಲಿ ಸೀಮೆಸುಣ್ಣದಿಂದ ಒಂದು ಕತ್ತರಿ ಗುರುತು ಹಾಕಿದರೆ ಅವನ ಕೆಲಸ ಮುಗಿಯಿತು. ನಿವೃತ್ತಿಗೆ ಐದು ತಿಂಗಳಿತ್ತು. ನಾಳೆ ಅವನ ವಿಚಾರಣೆ.

ಅವಳು ಬಡಗಿಗಳ ಬೀದಿಯನ್ನು ದೊಡ್ಡದು ಮಾಡಿ ನೋಡಿದಳು. ಪೈಪಿನ ನೀಲಿ ಗೆರೆ ರಸ್ತೆಯ ಎಡಕ್ಕೆ ನೆಟ್ಟಗೆ ಬಂದು, ನಡುವೆ ಕೊಂಕಿ, ಚರಂಡಿ ದಾಟಿ ಬಲಕ್ಕೆ ಹೋಗಿತ್ತು. ಮೌಸು ಹಿಡಿದ ಮೊದಲ ವಾರ ಅವಳ ಕೈ ಜಾರಿದ್ದು ಅಲ್ಲಿ. ಅಂದು ಚಹಾ ಹಿಡಿದುಕೊಂಡು ಬಂದಿದ್ದ ಕಿವಿಯಣ್ಣ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಏನಮ್ಮಾ ಇದು, ನಿನ್ ಪೈಪು ಚರಂಡಿ ಹಾರ್ಬಿಟ್ಟಿದೆ! ಮೇಕೆ ಮರೀನಾ?"

ಅವಳು ನೇರ ಇಂಜಿನಿಯರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಯಾರ್ಯಾರಿಗೆ ಹೇಳಿದೀಯ?"

"ಇನ್ನೂ ಯಾರಿಗೂ ಇಲ್ಲ ಸರ್."

"ಒಳ್ಳೇ ಕೆಲಸ ಮಾಡ್ದೆ. ಆ ಸ್ಕ್ರಿಪ್ಟ್ ನನಗೆ ಕಳ್ಸು. ನಾಳೆ ಎಲ್ಲರ ಮುಂದೆ ಅದನ್ನೇ ನಡೆಸೋಣ."

ಆ ಸಂಜೆ ಅವಳು ಹಗುರಾಗಿ ಮನೆಗೆ ಹೋದಳು. "ಕಿವಿಯಣ್ಣ ಬಚಾವಾದ್ರು ಅಮ್ಮಾ" ಎಂದು ಚಪ್ಪಲಿ ಬಿಡುವಾಗಲೇ ಹೇಳಿದಳು.

ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಕಿವಿಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಯ ಪಕ್ಕ ನಿಂತಿದ್ದ. ಕೂರು ಎಂದು ಯಾರೂ ಹೇಳಲಿಲ್ಲ.

"ಮೂವತ್ತೊಂದು ವರ್ಷ ಆ ಬೀದಿ ತುಳಿದಿದೀಯ. ಪೈಪು ಎಡಕ್ಕಿದೆ ಅಂತ ಗೊತ್ತಿರ್ಲಿಲ್ವಾ?" ಎಂದರು ಅಧಿಕಾರಿ.

"ಗೊತ್ತಿತ್ತು ಸ್ವಾಮಿ. ಕಂಬಿ ಇಟ್ಟು ಕೇಳಿಯೂ ಹೇಳ್ದೆ. ನಕ್ಷೇಲಿ ಬಲಕ್ಕಿದೆ, ನೀನು ಎಡಕ್ಕೆ ಅಗೆಸು ಅಂತ ಇಂಜಿನಿಯರ್ ಸಾಹೇಬ್ರು ಫೋನಲ್ಲಿ ಹೇಳಿದ್ರು."

"ಎಲ್ಲಿ ಆ ನಕ್ಷೆ?"

"ನೀರಲ್ಲಿ ಮುದ್ದೆಯಾಗೋಯ್ತು ಸ್ವಾಮಿ."

ಅಧಿಕಾರಿ ಇಂಜಿನಿಯರ ಕಡೆ ತಿರುಗಿದರು. ಇಂಜಿನಿಯರು ತಾಳ್ಮೆಯಿಂದ ನಕ್ಕರು. "ವಯಸ್ಸಾಯ್ತು ಸರ್, ಏನೋ ಕೇಳಿಸ್ಕೊಂಡಿದಾರೆ. ನಮ್ಮ ಹುಡುಗೀನೇ ಒಂದು ಸ್ಕ್ರಿಪ್ಟ್ ಬರೆದಿದಾಳೆ, ಒಂದೊಂದು ಲೇಯರೂ ಎಲ್ಲಿಂದ ಬರ್ತಿದೆ ಅಂತ ಬಾಯಿ ಬಿಡಿಸುತ್ತೆ. ನಡೆಸಮ್ಮಾ."

ಅವಳು ನಡೆಸಿದಳು. ಸಾಲುಗಳು ಉದುರಿದವು. ಹದಿನೇಳನೆಯದು: ಮುಖ್ಯ ಡೇಟಾಬೇಸು. ಮತ್ತೆ ಓದಿದಳು. ನಕ್ಷೆ ತೆರೆದರೆ ಬಡಗಿಗಳ ಬೀದಿಯಲ್ಲಿ ನೀಲಿ ಗೆರೆ ಎಡಕ್ಕೇ ನೆಟ್ಟಗಿತ್ತು, ಹುಟ್ಟಿದಾಗಿನಿಂದ ಹಾಗೇ ಇತ್ತೇನೋ ಎಂಬಂತೆ. ಯಾವ ಲೇಯರು ತಪ್ಪು ಮನೆಯಿಂದ ಬರುತ್ತಿದೆ ಎಂದು ಅವಳ ಸ್ಕ್ರಿಪ್ಟೇ ಅವರಿಗೆ ಬೆರಳು ಮಾಡಿ ತೋರಿಸಿತ್ತು. ತಿದ್ದಲು ಎಷ್ಟು ಹೊತ್ತು?

"ನಿನ್ನೆ..." ಎಂದಳು.

"ನಿನ್ನೆ ಏನು?" ಅಧಿಕಾರಿ ತಲೆಯೆತ್ತಿದರು.

ಇಂಜಿನಿಯರು ಪರದೆ ನೋಡುವವರ ಹಾಗೆ ಅವಳ ಕಡೆ ಬಾಗಿದರು. ದನಿ ಮೆತ್ತಗಿತ್ತು. "ನೀನು ಆಗ ಗೀಚಿದ್ದನ್ನೆಲ್ಲ ಅಳಿಸಿದೀನಿ. ನಿನ್ನ ಹೆಸರು ಎಲ್ಲೂ ಬರಲ್ಲ. ನೌಕರಿ ಕಾಯಂ ಆಗೋದು ಬರೋ ತಿಂಗಳಲ್ವಾ?"

ಅಳಿಸಿದ್ದು ಕಂಪ್ಯೂಟರಿನಲ್ಲಿ. ಇನ್ನು ಉಳಿದಿದ್ದ ಸಾಕ್ಷಿ ಅವಳ ಬಾಯಿಯೊಂದೇ. 'ಅವತ್ತು ಕೊಟ್ಟ ನಕ್ಷೆಯಲ್ಲಿದ್ದದ್ದು ನಾನು ಎಳೆದ ಗೆರೆ': ಇಷ್ಟೇ ಮಾತು. ಅಮ್ಮನ ಮುಖ ಕಣ್ಣ ಮುಂದೆ ಬಂತು, ಕಾಲೇಜಿಗೆ ಹೋಗುವ ತಂಗಿಯ ಮುಖ ಬಂತು. ಗೋಡೆಯ ಪಕ್ಕ ನಿಂತವನು ತನ್ನನ್ನೇ ನೋಡುತ್ತಿದ್ದಾನೆಂದು ತಿರುಗದೆಯೇ ಅವಳಿಗೆ ಗೊತ್ತಾಯಿತು.

"ಏನಿಲ್ಲ ಸರ್" ಎಂದಳು.

ಮಧ್ಯಾಹ್ನ, ಅಮಾನತಿನ ಆದೇಶ ಕೈಗೆ ಬಂದ ಮೇಲೆ, ಕಿವಿಯಣ್ಣ ಸ್ಟೋರಿನ ಕಿಟಕಿಯಲ್ಲಿ ವಾಲ್ವು ತಿರುಗಿಸುವ ಕೀಲಿ, ರಬ್ಬರು ಬೂಟು, ಟಾರ್ಚು ಒಂದೊಂದಾಗಿ ಇಡುತ್ತಿದ್ದ. ಗುಮಾಸ್ತ ಕಂಬಿಯ ಕಡೆ ಕೈ ಚಾಚಿದ.

"ಅದು ನಿಮ್ದಲ್ಲ ಮಾರಾಯ, ನಾನೇ ಮಾಡಿಸ್ಕೊಂಡಿದ್ದು. ಹತ್ತು ವರ್ಷದಿಂದ ಪೈಪು ಕೇಳೋಕೂ ಅದೇ, ಬೀದಿ ನಾಯಿ ಓಡಿಸೋಕೂ ಅದೇ."

ಗುಮಾಸ್ತ ನಕ್ಕ. ಅವಳು ಹತ್ತಿರ ಬಂದು ನಿಂತಳು. "ಅಣ್ಣಾ, ಆ ಗೆರೆ..."

"ನಿಂದೇ. ಅವತ್ತು ಹಾಳೆ ಬಿಡಿಸ್ತಿದ್ದ ಹಾಗೇ ಗೊತ್ತಾಯ್ತು. ಅದೇ ಮೇಕೆ ಮರಿ."

"ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ ನೀವು?"

ಅವನು ಖಾಲಿ ಚೀಲವನ್ನು ಮಡಿಸಿದ. ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದ.

"ನಾನು ಹೇಳಿದ್ರೆ ಚಾಡಿ ಆಗ್ತಿತ್ತಮ್ಮ. ನೀನೇ ಹೇಳ್ತೀಯೇನೋ ಅಂತ ನೋಡ್ದೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಕಂಬಿಯನ್ನು ಹೆಗಲಿಗೇರಿಸಿಕೊಂಡು, ಗುಮಾಸ್ತನಿಗೆ ಕೈ ಎತ್ತಿ, ಗೇಟಿನ ಕಡೆ ನಡೆದ.

ಅವಳು ನಕ್ಷೆ ಕೋಣೆಯ ಕಿಟಕಿಗೆ ಬಂದಳು. ಗೇಟಿನಾಚೆ ರಸ್ತೆಯಲ್ಲಿ ಅವನು ನಾಲ್ಕು ಹೆಜ್ಜೆ ಹೋದವನು ನಿಂತ. ಕಂಬಿ ಇಳಿಸಿ ನೆಲಕ್ಕೂರಿ, ಬಗ್ಗಿ, ತುದಿಗೆ ಕಿವಿಯಿಟ್ಟ. ಹಿಂದೆ ಗಾಡಿಗಳು ಹಾರನ್ ಹೊಡೆದವು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ರಸ್ತೆಯ ಮೇಲೆ ಕತ್ತರಿ ಗುರುತು ಹಾಕಿ, ಬೆರಳು ಒರೆಸಿಕೊಂಡು ಹೋದ.

ಸಂಜೆ ಅವಳು ಗೇಟು ದಾಟಿದಾಗ ಗುರುತು ಇನ್ನೂ ಇತ್ತು. ಅದರರ್ಧ, ಗಾಡಿ ಚಕ್ರಗಳಿಗೆ ಅಂಟಿ ಹೋಗಿತ್ತು. ಅವಳು ಅದನ್ನು ತುಳಿಯದೆ, ರಸ್ತೆಯಂಚಿಗೆ ಸರಿದು, ಚರಂಡಿ ದಾಟಿ ಆಚೆ ಬದಿಯಿಂದ ನಡೆದುಹೋದಳು.