ಹಿಂಬಾಗಿಲ ಬೀಗ

ಹಾಸಿಗೆ ಕಾರ್ಖಾನೆಯ ಹೆಂಗಸರು ಅವಳನ್ನು ಎದುರಿಗೆ ಅಕ್ಕಾ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಮ್ಮ. ಮಾಲೀಕನ ಒಡಹುಟ್ಟಿದ ಅಕ್ಕ, ಅಲ್ಲಿನ ಮೇಲ್ವಿಚಾರಕಿ. ಬಟ್ಟೆಯ ತುಂಡುಗಳು ಕಾಣೆಯಾಗತೊಡಗಿದ ಮೇಲೆ ಹಿಂಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಯಾವ ಕೀಲಿ ಯಾವುದರದ್ದೆಂದು ಯಾರಿಗೂ ಗೊತ್ತಾಗಬಾರದೆಂದು ಅವುಗಳ ಮೇಲಿದ್ದ ಬಣ್ಣದ ಗುರುತನ್ನೂ ಕೆರೆದು ಹಾಕಿದ್ದಳು. ಅವಳ ಪಾಲಿಗೆ ಹೊಲಿಗೆ ಯಂತ್ರದ ಮುಂದೆ ಕೂತವರೆಲ್ಲ ಕಳ್ಳಿಯರೇ. ಅವರಿಗೂ ಅವಳನ್ನು ಕಂಡರೆ ಮೈಯೆಲ್ಲ ಉರಿ.

ಅದರಲ್ಲೂ ಬಟ್ಟೆ ಕತ್ತರಿಸುವವಳಿಗೆ. ಅವಳ ಕೆಲಸಕ್ಕೂ ನಾಲಿಗೆಗೂ ಸೇರಿಸಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು.

ಒಂದು ದಿನ ಅಗ್ನಿಶಾಮಕ ದಳದವನೊಬ್ಬ ಬಂದು ಪಾಠ ಹೇಳಿದ. ಬೆಂಕಿ ಉರಿಯುತ್ತಿರಬೇಕಾದರೆ ಸುಡಲು ಏನಾದರೂ ಬೇಕು, ಕಾವು ಬೇಕು, ಗಾಳಿ ಬೇಕು, ಒಂದು ತಪ್ಪಿದರೂ ಆರಿಹೋಗುತ್ತದೆ ಎಂದ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ ತೋರಿಸಿದ. ಜ್ವಾಲೆ ಸಣ್ಣಗಾಗಿ ನಂದಿತು. ಅವನು ಅತ್ತ ಹೋದದ್ದೇ ತಡ, ಅಕ್ಕನ ಮುಖ ಅರಳಿತು.

“ನೋಡಿದ್ರಲ್ಲ? ಬಾಗಿಲು ಮುಚ್ಚಿದ್ರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ರೆ ಬೆಂಕಿ ಇಲ್ಲ. ಇನ್ಮೇಲೆ ಬೀಗದ ಸುದ್ದಿ ಎತ್ತಬೇಡಿ.”

ಕತ್ತರಿ ತಲೆ ಎತ್ತಲಿಲ್ಲ. “ಆ ಲೋಟದೊಳಗೆ ನಾವಿದ್ದೀವಿ ಅಕ್ಕಾ. ಬೆಂಕಿಗೆ ಬೇಕಾದ ಗಾಳೀನೇ ನಮಗೂ ಬೇಕು.”

“ಕದಿಯೋರಿಗೆ ಮಾತು ಜಾಸ್ತಿ.”

“ಕದ್ದೋರನ್ನ ಹಿಡೀರಿ. ಎಲ್ಲರನ್ನೂ ಕೂಡಿ ಹಾಕಬೇಡಿ.”

ಅಕ್ಕ ಆ ದಿನ ಅವಳನ್ನು ಊಟಕ್ಕೂ ಏಳಗೊಡಲಿಲ್ಲ. ಸೇಡು ತೀರಿಸಿಕೊಂಡ ಸಮಾಧಾನದಿಂದ ತಾನು ಮಾತ್ರ ಹೊಟ್ಟೆ ತುಂಬ ಉಂಡಳು.

ಕೆಲವು ದಿನಗಳ ಮೇಲೆ ಹತ್ತಿಯಲ್ಲಿ ಸೇರಿಕೊಂಡಿದ್ದ ಮೊಳೆಯೊಂದು ಹಿಂಜುವ ಯಂತ್ರದ ಹಲ್ಲಿಗೆ ಸಿಕ್ಕಿ ಕಿಡಿ ಹಾರಿತು. ಯಂತ್ರ ಇದ್ದದ್ದು ಮುಂಬಾಗಿಲ ಪಕ್ಕದಲ್ಲೇ. ಹತ್ತಿಯ ರಾಶಿ ಒಳಗೊಳಗೇ ಹೊಗೆಯಾಡಿ, ನೋಡನೋಡುತ್ತಿದ್ದಂತೆ ಮುಂದಿನ ದಾರಿಯೇ ಕಾಣದಾಯಿತು. ಎಲ್ಲರೂ ಹಿಂಬಾಗಿಲಿಗೆ ನುಗ್ಗಿದರು. ಅಕ್ಕ ಎಲ್ಲರಿಗಿಂತ ಮೊದಲು ತಲುಪಿದ್ದಳು. ಒಂದು ಕೀಲಿ ಹಾಕಿದಳು, ತಿರುಗಲಿಲ್ಲ. ಇನ್ನೊಂದು, ಅದೂ ಅಲ್ಲ. ಎಲ್ಲವೂ ಒಂದೇ ಥರ. ಗುರುತು ಕೆರೆದವಳು ತಾನೇ ಎಂಬುದು ಅವಳಿಗೆ ನೆನಪಾಯಿತು. ಹಿಂದಿನಿಂದ ಯಾರೋ ಅವಳ ಜಡೆ ಹಿಡಿದು ಜಗ್ಗಿ ಹಿಡಿಶಾಪ ಹಾಕಿದರು. ಉಸಿರೆಳೆದರೆ ಎದೆಗೆ ಬರೀ ಹೊಗೆ. ಇಲ್ಲೇ ಸಾಯುತ್ತೇನೆ ಎಂದು ಅವಳಿಗೆ ಖಚಿತವಾಯಿತು.

ಕತ್ತರಿ ಅವಳನ್ನು ಪಕ್ಕಕ್ಕೆ ದೂಡಿ, ಬಟ್ಟೆ ಅಳೆಯುವ ಕಬ್ಬಿಣದ ಪಟ್ಟಿಯನ್ನು ಕೊಂಡಿಗೆ ತೂರಿಸಿ ಮೀಟಿದಳು. ಅಂಗೈ ಹರಿಯಿತು, ಕೊಂಡಿ ಕಿತ್ತು ಬಂತು. ಹೆಂಗಸರು ಒಬ್ಬರ ಮೇಲೊಬ್ಬರು ಅಂಗಳಕ್ಕೆ ಬಿದ್ದರು. ತೆರೆದ ಬಾಗಿಲಿನಿಂದ ಗಾಳಿ ಒಳನುಗ್ಗಿ ಹತ್ತಿ ಭಗ್ಗೆಂದು ಹೊತ್ತಿಕೊಂಡಿತು. ಜೀವಗಳೆಲ್ಲ ಉಳಿದವು, ಸರಕು ಉಳಿಯಲಿಲ್ಲ.

ಮಾಲೀಕನಾದ ತಮ್ಮ ಬಂದು ಬೂದಿ ನೋಡಿ ಅಕ್ಕನ ಮೇಲೆ ಹರಿಹಾಯ್ದ. ಬಾಗಿಲು ತೆಗೆಯದೇ ಇದ್ದಿದ್ದರೆ ಬೆಂಕಿ ತಾನಾಗಿಯೇ ಆರುತ್ತಿತ್ತು, ಸರಕು ಉಳಿಯುತ್ತಿತ್ತು ಎಂದ. ಅದು ಅವಳದೇ ಮಾತು. ಅವನ ಬಾಯಲ್ಲಿ ಕೇಳಿದಾಗ, ಒಳಗಿದ್ದವರಲ್ಲಿ ತಾನೂ ಒಬ್ಬಳೆಂಬುದು ಅವಳಿಗೆ ನೆನಪಾಯಿತು.

ಗೋಡೆಗೆ ಸುಣ್ಣ ಬಳಿದು ಕೆಲಸ ಮತ್ತೆ ಶುರುವಾಗುವ ಬೆಳಿಗ್ಗೆ ತಮ್ಮ ಹೊಸ ಬೀಗ ತಂದ, ಹಳೆಯದಕ್ಕಿಂತ ದಪ್ಪನೆಯದು. ಮುಂಬಾಗಿಲ ಶಟರ್ ಇನ್ನೂ ಎತ್ತಿರಲಿಲ್ಲ. ಹಿಂದಿನ ಅಂಗಳದಲ್ಲಿ ನಿಂತಿದ್ದ ಹೆಂಗಸರು ಅಕ್ಕನ ಮುಖ ನೋಡಲೂ ಒಲ್ಲದೆ ತಿರುಗಿಕೊಂಡಿದ್ದರು. ಅಕ್ಕ ಬೀಗ ಇಸಿದುಕೊಂಡು, ಗಟ್ಟಿ ಇದೆಯೋ ಇಲ್ಲವೋ ಒಳಗಿನಿಂದ ತಳ್ಳಿ ನೋಡು ಎಂದಳು. ಅವನು ನಗುತ್ತಲೇ ಒಳಗೆ ಹೋದ. ಅವಳು ಬಾಗಿಲು ಮುಚ್ಚಿ ಹೊರಗಿನ ಕೊಂಡಿಗೆ ಬೀಗ ಹಾಕಿದಳು.

ಅವನು ಒಂದೆರಡು ಸಲ ತಳ್ಳಿದ, ಗಟ್ಟಿ ಇದೆ, ತೆಗಿ ಎಂದ. ಅವಳು ತೆಗೆಯಲಿಲ್ಲ. ಮತ್ತೆ ಕರೆದ. ಆಮೇಲೆ ಎರಡೂ ಕೈಯಲ್ಲಿ ಬಾಗಿಲು ಬಡಿಯತೊಡಗಿದ. ಕಡೆಗೆ ಅವಳು ಬೀಗ ತೆಗೆದಾಗ ಬೆವರಿನಲ್ಲಿ ತೊಯ್ದು ಹೊರಬಂದವನು, ನಿನಗೇನು ತಲೆ ಕೆಟ್ಟಿದೆಯಾ ಎಂದು ಕೂಗಾಡಿದ.

“ಒಳಗೆ ಬೆಂಕಿ ಇತ್ತೇನೋ?” ಎಂದಳು ಅಕ್ಕ.

“ಇಲ್ಲ.”

“ಹಾಗಾದ್ರೆ ಯಾಕೆ ಹಾಗೆ ಬಡ್ಕೊಂಡೆ?”

ಅವಳು ಬೀಗವನ್ನು ಅವನ ಕೈಗಿಟ್ಟು, “ಇದನ್ನ ನಿನ್ನ ಮನೆಗೆ ಹಾಕ್ಕೋ” ಎಂದಳು.

ಅಂಗೈಗೆ ಪಟ್ಟಿ ಸುತ್ತಿಕೊಂಡಿದ್ದ ಕತ್ತರಿ ಇಬ್ಬರನ್ನೂ ಮಾತಾಡಿಸದೆ ದಾಟಿಕೊಂಡು ಒಳಗೆ ಹೋದಳು. ಅವಳ ಹಿಂದೆ ಉಳಿದವರೂ ಹೋದರು. ಅಕ್ಕ ಅಂಗಳದ ಮೂಲೆಯಿಂದ ದೊಡ್ಡದೊಂದು ಕಲ್ಲು ಎತ್ತಿ ತಂದು, ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಟ್ಟಳು.