ಚೆಂಡು ಹೊಲಿದ ಬನಿಯನ್

ಬೊಮ್ಮಲಿಂಗಪ್ಪನ ಗೊರಕೆ ಮೊಳಕಾಲ್ಮುರಿನ ಆ ಬೀದಿಗೆಲ್ಲ ಗೊತ್ತು. ಗೊರಕೆ ಹೊಡೆಯುವವನು ಪುಣ್ಯವಂತ, ನಿದ್ದೆಗೆ ಬರವಿಲ್ಲ ಎಂದು ಅವನ ಅವ್ವ ಹೊನ್ನಕ್ಕ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಏನು ಪುಣ್ಯವೋ, ಬೆಳಗಾದರೆ ಅವನಿಗೆ ತಲೆನೋವು, ಬಾಯೆಲ್ಲ ಒಣ. ಇಪ್ಪತ್ತೆರಡು ವರ್ಷದಿಂದ ಚಳ್ಳಕೆರೆಗೆ ಖಾಸಗಿ ಬಸ್ಸು ಓಡಿಸಿದವನಿಗೆ ಈಗ ಸ್ಟೇರಿಂಗ್ ಹಿಡಿದರೆ ಕಣ್ಣು ಎಳೆಯುತ್ತಿತ್ತು. ಟೀ ಕುಡಿದ, ಮುಖಕ್ಕೆ ನೀರು ಎರಚಿಕೊಂಡ. ಗಟ್ಟಿ ನಿದ್ದೆ ಬಂದರೆ ಸರಿಹೋದೀತೆಂದು ಮಲಗುವ ಮುಂಚೆ ಎರಡು ಪೆಗ್ ಬೇರೆ ಶುರುಮಾಡಿದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಒಂದು ಮಧ್ಯಾಹ್ನ ಬಿ.ಜಿ. ಕೆರೆ ಹತ್ತಿರ ಬಸ್ಸು ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಕಂಡಕ್ಟರ್ ಓಬಳೇಶ್ ಕೂಗಿದ್ದಕ್ಕೆ ಎಚ್ಚೆತ್ತು ಬ್ರೇಕ್ ತುಳಿದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಇನ್ನೊಂದ್ಸಲ ಹಿಂಗಾದ್ರೆ ಸೀಟು ಬೇರೇರದ್ದು," ಎಂದರು ಬಸ್ಸಿನ ಮಾಲೀಕರು.

ಆ ಭಾನುವಾರ ಮುದ್ದೆ ಉಂಡು ಅವನು ಮಗ್ಗದ ಪಕ್ಕದಲ್ಲೇ ಅಂಗಾತ ಬಿದ್ದುಕೊಂಡ. ಹೆಂಡತಿ ವನಜಾಕ್ಷಿ ರೇಷ್ಮೆ ಸೀರೆ ನೇಯುತ್ತಿದ್ದಳು. ನೇಯುವವರ ಕಿವಿಯೇ ಬೇರೆ. ಪಕ್ಕದ ಮನೆಯ ಮಗ್ಗ ನಿಂತರೂ ಎಳೆ ಕಡಿಯಿತೆಂದು ಕೂತಲ್ಲೇ ಹೇಳುತ್ತಾರೆ. ಗಂಡನ ಗೊರಕೆ ಫಕ್ಕನೆ ನಿಂತಾಗ ಅವಳ ಕೈಯೂ ನಿಂತಿತು. ಎಣಿಸಿದಳು. ಹದಿನಾಲ್ಕಕ್ಕೆ ಅವನು ಏದುಸಿರೆಳೆದು ಮತ್ತೆ ಶುರುಮಾಡಿದ. ಇನ್ನೆರಡು ಸಲ ಹಾಗೇ ಆದಾಗ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ಅವನು ಎದ್ದಮೇಲೆ ಕೇಳಿಸಿದಳು.

"ಎಳೆ ಕಡಿದ್ರೆ ಗಂಟು ಹಾಕ್ತೀನಿ. ನಿಮ್ಮ ಉಸಿರು ಕಡಿದ್ರೆ ನಾನೇನು ಮಾಡ್ಲಿ, ಹೇಳ್ರಿ," ಎಂದು ಅತ್ತುಬಿಟ್ಟಳು. ಬೊಮ್ಮಲಿಂಗಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು.

ಚಳ್ಳಕೆರೆಯ ಡಾಕ್ಟರ್ ಸರ್ವಮಂಗಳ ಮೊಬೈಲಿನ ಆ ಗೊರಕೆ ಕೇಳಿ, ರಾತ್ರಿ ಬೆರಳಿಗೂ ಮೂಗಿಗೂ ಸಿಕ್ಕಿಸಿಕೊಂಡು ಮಲಗುವ ಯಂತ್ರವೊಂದನ್ನು ಕೊಟ್ಟು ಕಳಿಸಿದರು. ಮರುದಿನ ಲೆಕ್ಕ ನೋಡಿ ಹೇಳಿದರು: "ಗಂಟೆಗೆ ಹನ್ನೊಂದು ಸಲ ಉಸಿರು ಕಟ್ತಾ ಐತೆ. ಸ್ಲೀಪ್ ಆಪ್ನಿಯಾ. ಇನ್ನೂ ಸಣ್ಣ ಪ್ರಮಾಣದ್ದು, ಅಂಗಾತ ಮಲಗಿದ್ರೇ ಜಾಸ್ತಿ. ಪೆಗ್ ಬಿಡ್ರಿ, ತೂಕ ಇಳಿಸ್ರಿ, ಮಗ್ಗುಲಾಗಿ ಮಲಗ್ರಿ. ತೂಕಡಿಕೆ ಹೋಗೋವರ್ಗೂ ಬಸ್ಸು ಮುಟ್ಟಬೇಡ್ರಿ."

ಕೊನೆಯ ಮಾತು ಎದೆಗೆ ಒದ್ದಂತಾಯಿತು. ಆದರೂ ಕೀಲಿಯನ್ನು ಮಾಲೀಕರ ಮೇಜಿನ ಮೇಲೆ ತಾನೇ ಇಟ್ಟು ಬಂದ. ಮೂರು ತಿಂಗಳು ಸ್ಟ್ಯಾಂಡಿನಲ್ಲಿ ನಿಂತು ಜನರನ್ನು ಕೂಗಿ ಕೂಗಿ ಬಸ್ಸಿಗೆ ಹತ್ತಿಸಿದ.

ವನಜಾಕ್ಷಿ ಬನಿಯನ್ ಬೆನ್ನಿಗೆ ಜೇಬು ಹೊಲಿದು, ಅದರಲ್ಲಿ ಟೆನಿಸ್ ಚೆಂಡು ತುರುಕಿದಳು. ಅಂಗಾತ ಹೊರಳಿದರೆ ಚುಚ್ಚಿ ಮಗ್ಗುಲಿಗೆ ತಳ್ಳುತ್ತಿತ್ತು.

"ಏನ್ಲಾ, ಗೂನು ಬಂತಾ," ಎಂದು ಹೊನ್ನಕ್ಕ ನಕ್ಕಳು.

"ನಗವ್ವ, ನಗು. ಸೀಟು ಹೋದ್ರೆ ಊರೆಲ್ಲ ನಗ್ತೈತೆ," ಎಂದು ಅವನು ಅದನ್ನೇ ತೊಟ್ಟು ಮಲಗಿದ.

ಪೆಗ್ ಬಿಟ್ಟ, ಮುಂಜಾನೆ ನಡೆದ, ಆರು ಕೆ.ಜಿ. ಇಳಿದ. ತಲೆನೋವು, ತೂಕಡಿಕೆ ಎರಡೂ ಹೇಳದೆ ಕೇಳದೆ ಹೋದವು. ಮತ್ತೆ ಯಂತ್ರ ಹಾಕಿದಾಗ ಹನ್ನೊಂದು ಇದ್ದದ್ದು ನಾಲ್ಕಕ್ಕೆ ಬಂದಿತ್ತು. ಡಾಕ್ಟರ್ ಬರೆದುಕೊಟ್ಟ ಚೀಟಿ ನೋಡಿ ಮಾಲೀಕರು ಎದ್ದು ನಿಂತು ಕೀಲಿ ಕೊಟ್ಟರು.

ಮೊದಲ ಟ್ರಿಪ್ಪಿಗೆ ವನಜಾಕ್ಷಿಯೂ ಹತ್ತಿದಳು. ಕಾವಲು ಕಾಯಲು ಬಂದವಳ ಹಾಗೆ ಮುಂದಿನ ಸೀಟಿನಲ್ಲಿ ಬಿಗಿದು ಕೂತಳು. ಬಿಸಿಲು ರಾಚುತ್ತಿತ್ತು, ಊಟದ ಹೊತ್ತು ಮೀರಿತ್ತು, ಅವನ ಕಣ್ಣು ಮಾತ್ರ ನಿಚ್ಚಳವಾಗಿತ್ತು. ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಜನ ದಡದಡ ಇಳಿದರೂ ಅವಳು ಏಳಲಿಲ್ಲ. ಕಿಟಕಿಗೆ ಒರಗಿ ಗಾಢವಾಗಿ ನಿದ್ದೆ ಹೋಗಿದ್ದಳು.

ಓಬಳೇಶ್ ಎಬ್ಬಿಸಲು ಹೋದ.

"ಬಿಡ್ಲೇ, ಮಲಗ್ಲಿ," ಎಂದ ಬೊಮ್ಮಲಿಂಗಪ್ಪ. "ನನ್ನ ಗಾಡೀಲಿ ಧೈರ್ಯವಾಗಿ ಮಲಗವಳೆ."